ಶಿರಸಿಯ ಹೋಮ್‌ಸ್ಟೇ ವಿಡಿಯೊವನ್ನು ಇನ್‌ಸ್ಟಾಗ್ರಾಂ ರೀಲ್ಸ್, ಯೂಟ್ಯೂಬ್ ಶಾರ್ಟ್ಸ್ ಎರಡರಲ್ಲೂ ಹಾಕಬಹುದೇ? ಎರಡೂ ಒಂದೇ ಥರ ಇರುವುದೇಕೆ?

ಹಾಕಬಹುದು, ಆದರೆ ಒಂದರಿಂದ ಇಳಿಸಿಕೊಂಡದ್ದನ್ನು ಇನ್ನೊಂದಕ್ಕೆ ಏರಿಸಬೇಡಿ. ಬೇರೆ ಆ್ಯಪಿನ ಲೋಗೊ ಕಾಣುವ ವಿಡಿಯೊವನ್ನು ನಿಮ್ಮನ್ನು ಫಾಲೋ ಮಾಡದವರಿಗೆ ಕಡಿಮೆ ತೋರಿಸುವುದಾಗಿ ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. ಎದುರಾಳಿಯ ಹೆಸರನ್ನು ಯಾರು ತಾನೇ ಪುಕ್ಕಟೆ ಸಾರುತ್ತಾರೆ! ಫೋನಿನಲ್ಲಿರುವ ಮೂಲ ಫೈಲನ್ನೇ, 9:16 ಅಳತೆಯಲ್ಲಿ (ನೆಟ್ಟಗೆ ಹಿಡಿದ ಫೋನಿನಂತೆ ಉದ್ದುದ್ದ), ಎರಡೂ ಕಡೆ ಪ್ರತ್ಯೇಕವಾಗಿ ಹಾಕಿ. ಹಾಡನ್ನು ಆಯಾ ಆ್ಯಪಿನೊಳಗೇ ಸೇರಿಸಿ. ಒಂದರ ಪರವಾನಗಿ ಇನ್ನೊಂದಕ್ಕೆ ನಡೆಯದು. ಫೋನ್ ನಂಬರು, ದರ ಇತ್ಯಾದಿಯನ್ನು ಪರದೆಯ ತೀರ ಕೆಳಗೆ ಬರೆದರೆ ಶೀರ್ಷಿಕೆಯ ಸಾಲು ಅದನ್ನು ಮುಚ್ಚಿಬಿಡುತ್ತದೆ.

ಇನ್ನು ಹೋಲಿಕೆಯ ವಿಷಯ. 2020ರ ಜೂನ್ 29ರಂದು ಭಾರತ ಕಿರು ವಿಡಿಯೊಗಳ ಚೀನೀ ಆ್ಯಪ್ ಟಿಕ್‌ಟಾಕ್ ಅನ್ನು ನಿಷೇಧಿಸಿತು. ತೆರವಾದ ಜಾಗಕ್ಕೆ ಅದರದೇ ಅಚ್ಚಿನಲ್ಲಿ ಜುಲೈನಲ್ಲಿ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್. ಜನ ನೋಡುತ್ತ ಕೂತಷ್ಟು ಹೊತ್ತು ಜಾಹೀರಾತಿನ ಹಣ, ಅಷ್ಟೇ.