ಔಷಧಿ ಬೈಕಿನಲ್ಲಿದ್ದರೆ ಸಾಲದು

ಪ್ರಶ್ನೆ: ನಾಲ್ಕು ವರ್ಷದಿಂದ ಡಾಂಬರು ರಸ್ತೆಯಲ್ಲಿ ಬೈಕ್ ಓಡಿಸುತ್ತಿದ್ದೇನೆ. ಮುಂದಿನ ತಿಂಗಳು ಮೊದಲ ಸಲ ಇಬ್ಬರು ಗೆಳೆಯರೊಂದಿಗೆ ಗುಡ್ಡದ ಮಣ್ಣುದಾರಿಗೆ ಹೊರಟಿದ್ದೇನೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸ್ಪ್ಯಾನರ್, ನೀರು ಎಲ್ಲವನ್ನೂ ಹಿಂದಿನ ಸೀಟಿಗೆ ಕಟ್ಟುವ ಚೀಲದಲ್ಲಿ ತುಂಬಿದ್ದೇನೆ. ಇನ್ನೇನು ಬೇಕು?

ಉತ್ತರ: ಮೊದಲು, ಇರುವುದನ್ನು ಎಲ್ಲಿಟ್ಟಿದ್ದೀರಿ ಅನ್ನುವುದನ್ನು ನೋಡೋಣ. ನಾನೂ ಹಾಗೇ ಕಟ್ಟುತ್ತಿದ್ದೆ. ಒಮ್ಮೆ ಇಳಿಜಾರಿನ ಸಡಿಲ ಕಲ್ಲಿನಲ್ಲಿ ಮುಂದಿನ ಚಕ್ರ ಜಾರಿತು. ನಾನು ದಾರಿಯಲ್ಲೇ ಬಿದ್ದೆ, ಬೈಕು ಐದಾರು ಮಾರು ಕೆಳಗುರುಳಿ ಪೊದೆಗೆ ಸಿಕ್ಕಿಕೊಂಡಿತು. ಫುಟ್‌ರೆಸ್ಟಿನ ಹಲ್ಲು ನನ್ನ ಮೀನಖಂಡ ಸೀಳಿತ್ತು. ಚೀಲ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಹಿಂದಿದ್ದ ಗೆಳೆಯ ಬರುವವರೆಗೂ ಕೈಗವಸನ್ನೇ ಮಡಚಿ ಗಾಯಕ್ಕೆ ಒತ್ತಿ ಹಿಡಿದು ಕೂತಿದ್ದೆ.

ಹಾಗಾಗಿ ಗಾಜ್ ಬಟ್ಟೆ, ಅಗಲದ ಕ್ರೇಪ್ ಬ್ಯಾಂಡೇಜ್, ಟೂರ್ನಿಕೆಟ್ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ), ಸೀಟಿ, ಫೋನು ಇಷ್ಟು ನಿಮ್ಮ ಮೈಮೇಲಿರಲಿ. ಹ್ಯಾಂಡಲಿಗೆ ಸಿಕ್ಕಿಸಿದ ಫೋನು ಬೈಕಿನ ಜೊತೆಗೇ ಉರುಳುತ್ತದೆ, ಜಾಕೆಟ್ಟಿನ ಒಳಜೇಬಿಗೆ ಹಾಕಿ. ನೀರೂ ಬೆನ್ನಿನ ಚೀಲದಲ್ಲಿ, ಎರಡು ಮೂರು ಲೀಟರ್ ಬೇಕು.

ಟೂರ್ನಿಕೆಟ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದು, ಬಲವಾಗಿ ಒತ್ತಿ ಹಿಡಿದರೂ ನಿಲ್ಲದಿದ್ದಾಗ ಅದು ಬೇಕು. ಗಾಯದಿಂದ 5ರಿಂದ 7 ಸೆಂಟಿಮೀಟರ್ ಮೇಲೆ ಕಟ್ಟಿ, ಆದರೆ ಮಂಡಿ, ಮೊಣಕೈಗಳ ಕೀಲಿಗೇ ಕಟ್ಟುವುದು ಬೇಡ. ರಕ್ತ ನಿಲ್ಲುವವರೆಗೆ ಪಟ್ಟಿಯಲ್ಲಿರುವ ಕಡ್ಡಿ ತಿರುಗಿಸಿ ಬಿಗಿ ಮಾಡಿ. ವಿಪರೀತ ನೋಯುತ್ತದೆ, ಆದರೂ ಸಡಿಲಿಸಬೇಡಿ, ಅದನ್ನು ವೈದ್ಯರೇ ಬಿಚ್ಚಲಿ. ಕಟ್ಟಿದ ಸಮಯವನ್ನು ಪೆನ್ನಿನಿಂದ ಅದರ ಮೇಲೇ ಬರೆಯಿರಿ. ಹೊಸದು ಬರುವ ಪ್ಲಾಸ್ಟಿಕ್ ಹೊದಿಕೆಯನ್ನು ಮನೆಯಲ್ಲೇ ಹರಿದು ತೆಗೆಯಿರಿ. ಬೆವರಿದ ಕೈಯಲ್ಲಿ, ನಡುಗುವ ಬೆರಳಲ್ಲಿ ಅದು ಹರಿಯುವುದಿಲ್ಲ.

ಸ್ಪ್ಯಾನರ್‌ಗಳನ್ನು ಮಾತ್ರ ಎಂದಿಗೂ ಬೆನ್ನಿಗೆ ಹೊರಬೇಡಿ. ಅಂಗಾತ ಬಿದ್ದರೆ ಅವು ನೇರ ಬೆನ್ನುಮೂಳೆಗೆ ನಾಟುತ್ತವೆ. ಅವು, ಟೈರ್ ಲಿವರ್ (ಟೈರ್ ಬಿಚ್ಚುವ ಸಲಾಕೆ), ಪಂಪು, ಚೈನ್ ಲಾಕ್ (ತುಂಡಾದ ಚೈನನ್ನು ಜೋಡಿಸುವ ಕೊಂಡಿ), ಹೆಚ್ಚುವರಿ ಕ್ಲಚ್ ಮತ್ತು ಬ್ರೇಕ್ ಲಿವರ್ ಬೈಕಿನ ಚೀಲಕ್ಕೆ. ನಿಮ್ಮದು 21 ಇಂಚಿನ ಮುಂದಿನ ಚಕ್ರ, 18 ಇಂಚಿನ ಹಿಂದಿನ ಚಕ್ರದ ಗಾಡಿಯಾಗಿದ್ದು ಒಂದೇ ಟ್ಯೂಬ್ ಒಯ್ಯುವುದಾದರೆ ಮುಂದಿನದನ್ನೇ ಒಯ್ಯಿರಿ. ತುರ್ತಿಗೆ ಅದನ್ನು ಹಿಂದಕ್ಕೂ ತುರುಕಿ ನಿಧಾನವಾಗಿ ಹಿಂತಿರುಗಬಹುದು.

ಮೂವರು ಹೋಗುತ್ತಿರುವುದು ಕೇಳಿ ಸಮಾಧಾನವಾಯಿತು. ಒಬ್ಬರಿಗೆ ಪೆಟ್ಟಾದರೆ ಇನ್ನೊಬ್ಬರು ಜೊತೆಗಿದ್ದು, ಮತ್ತೊಬ್ಬರು ನೆರವು ತರಲು ಹೋಗಬಹುದು. ಹೋಗುವ ದಾರಿ, ಮರಳುವ ಹೊತ್ತು ಮನೆಯವರಿಗೂ ಗೊತ್ತಿರಲಿ. ನೆಟ್‌ವರ್ಕ್ ಇಲ್ಲದ ಕಡೆ ಫೋನಿನಿಂದ ಉಪಯೋಗವಿಲ್ಲ. ಅಂಥಲ್ಲಿ ಮೇಲಿಂದ ಮೇಲೆ ಹೋಗುವವರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಕೊಳ್ಳುವುದು ಒಳ್ಳೆಯದು, ಅದರ ಬಳಕೆಗೆ ಅಲ್ಲಿ ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಗೆಳೆಯರಿಗೆ ಇದೊಂದನ್ನು ಹೇಳಿ: ಬಿದ್ದವರು ಕತ್ತು ನೋವು ಅಂದರೆ, ಉಸಿರಾಟ ಸರಿಯಿರುವ ತನಕ ಹೆಲ್ಮೆಟ್ ಎಳೆದು ತೆಗೆಯಬಾರದು. ಕತ್ತು ಅಲುಗದಂತೆ ಹಿಡಿದುಕೊಳ್ಳಬೇಕು.

ಹೊರಡುವ ಹಿಂದಿನ ದಿನ ಕೈಗವಸು, ಜಾಕೆಟ್ ಎಲ್ಲಾ ಹಾಕಿಕೊಂಡು ನೆಲದ ಮೇಲೆ ಮಲಗಿ, ಎಡಗೈಯೊಂದರಿಂದಲೇ ಟೂರ್ನಿಕೆಟ್ ಹೊರತೆಗೆಯಲು ನೋಡಿ. ಆಮೇಲೆ ಬಲಗೈಯಿಂದ. ಎಟುಕದಿದ್ದರೆ ಜೇಬು ಬದಲಿಸಿ.