ಹ್ಯಾಂಡ್ ಬ್ರೇಕ್ ಇಳಿಸಿದರೂ ಗಾಲಿ ಬಿಡದಿದ್ದರೆ

ಪ್ರಶ್ನೆ: ಹಳೆಯ ಸಣ್ಣ ಕಾರು, ಹಿಂದಿನ ಗಾಲಿಗಳಿಗೆ ಡ್ರಮ್ ಬ್ರೇಕ್. ಮಳೆಗಾಲದಲ್ಲಿ ಕಾರು ತೊಳೆದು, ಹ್ಯಾಂಡ್ ಬ್ರೇಕ್ ಎಳೆದು ಎರಡು ವಾರ ನಿಲ್ಲಿಸಿದ್ದೆವು. ಈಗ ಲಿವರ್ ಪೂರ್ತಿ ಇಳಿಸಿದರೂ ಹಿಂದಿನ ಎಡಗಾಲಿ ತಿರುಗುತ್ತಿಲ್ಲ, ಉಜ್ಜಿಕೊಂಡೇ ಬರುತ್ತದೆ. ಕೇಬಲ್ ಸಡಿಲ ಮಾಡಿಸಿದರೆ ಸಾಕೇ?
– ಓದುಗರು, ಕುಂದಾಪುರ

ಉತ್ತರ: ಕೇಬಲ್ ಸಡಿಲ ಮಾಡಿದರೂ ಬಿಡಲಿಕ್ಕಿಲ್ಲ. ನೀವು ಹೇಳಿದ ಲಕ್ಷಣಕ್ಕೆ ಮೊದಲ ಅನುಮಾನ ತುಕ್ಕಿನ ಮೇಲೆ. ಗಾಲಿಯ ಜೊತೆ ತಿರುಗುವ ಡ್ರಮ್ ಬೀಡುಕಬ್ಬಿಣದ್ದು. ಬ್ರೇಕ್ ಹಾಕಿದಾಗ ಅದರೊಳಗಿನ ಕಮಾನಿನಾಕಾರದ ಶೂಗಳು ಹೊರಕ್ಕೆ ಸರಿದು, ಅವುಗಳ ಮೇಲಿನ ಲೈನರ್ ಎಂಬ ಪಟ್ಟಿ ಡ್ರಮ್ಮಿಗೆ ಒತ್ತುತ್ತದೆ. ತೊಳೆದ ನೀರು ಲೈನರ್ ಮತ್ತು ಡ್ರಮ್ಮಿನ ನಡುವೆ ಉಳಿದು, ಅದರ ಮೇಲೆ ಹ್ಯಾಂಡ್ ಬ್ರೇಕ್ ಒತ್ತಿ ಹಿಡಿದಿದ್ದರೆ, ಎದ್ದ ತುಕ್ಕು ಎರಡನ್ನೂ ಅಂಟಿಸಿಬಿಡುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ.

ಸಮತಟ್ಟು ಜಾಗದಲ್ಲಿ, ಒಂದನೇ ಗೇರಿನಲ್ಲಿ ಕ್ಲಚ್ ನಿಧಾನ ಬಿಟ್ಟು ಕಾರನ್ನು ಸ್ವಲ್ಪ ಮುಂದೆ ತಳ್ಳಿಸಿ, ಆಮೇಲೆ ರಿವರ್ಸಿನಲ್ಲಿ ಸ್ವಲ್ಪ ಹಿಂದೆ. ಎರಡು ಮೂರು ಸಲ ಹೀಗೆ ಮಾಡಿದರೆ ಬಹಳಷ್ಟು ಸಲ ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಆಕ್ಸಿಲರೇಟರ್ ತುಳಿದು ಹಟ ಮಾಡಬೇಡಿ. ಕ್ಲಚ್ ಸುಡುವುದು ಒಂದು ಕಡೆ, ಶೂಗೆ ಅಂಟಿಸಿದ ಲೈನರ್ ಕಿತ್ತುಬಂದು ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ಕೆಲಸ ಇಮ್ಮಡಿಯಾಗುತ್ತದೆ.

ಆಗ ಮುಂದಿನ ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಕಾರು ನೆಲದ ಮೇಲಿರುವಾಗಲೇ ಗಾಲಿಯ ನಟ್ ಸಡಿಲಿಸಿ, ಜಾಕ್ ಏರಿಸಿ, ಸ್ಟ್ಯಾಂಡ್ ಇಟ್ಟು ಗಾಲಿ ತೆಗೆಯಿರಿ. ಬರೀ ಜಾಕ್ ನಂಬಿ ಕೆಲಸ ಮಾಡಬೇಡಿ. ಡ್ರಮ್ಮಿನ ಮುಖದ ಮೇಲೆ, ಬೋಲ್ಟ್‌ಗಳ ನಡುವಿನ ಜಾಗದಲ್ಲಿ ಮರದ ತುಂಡಿಟ್ಟು ಸುತ್ತಲೂ ಸುತ್ತಿಗೆಯಿಂದ ಬಡಿಯಿರಿ. ಅಂಚಿಗೆ ನೇರವಾಗಿ ಕಬ್ಬಿಣದ ಸುತ್ತಿಗೆ ಬಿದ್ದರೆ ಬೀಡು ಚೂರಾಗಬಹುದು. ಸೀಮೆಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಒಳಗೆ ಹೊಡೆಯುವವರಿದ್ದಾರೆ. ಎಣ್ಣೆ ಕುಡಿದ ಲೈನರ್ ಮತ್ತೆ ಸರಿಹೋಗುವುದಿಲ್ಲ, ಶೂ ಸೆಟ್ಟನ್ನೇ ಬದಲಿಸಬೇಕಾಗುತ್ತದೆ.

ಬಿಟ್ಟುಕೊಂಡಿತು ಎಂದು ಅಲ್ಲಿಗೇ ನಿಲ್ಲಿಸಬೇಡಿ. ಹ್ಯಾಂಡ್ ಬ್ರೇಕ್ ಇಳಿಸಿ ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಸುತ್ತಲೂ ಒಂದೇ ಸಮನಾಗಿ ‘ಸರ್‌ಸರ್’ ಎಂದರೆ ತೊಂದರೆಯಿಲ್ಲ. ಗಟ್ಟಿಯಾಗಿ ಹಿಡಿದರೆ ಕಾರಣ ಹುಡುಕಲು ಒಂದು ಕ್ರಮವಿದೆ, ಅದನ್ನು ತಪ್ಪಿಸಬೇಡಿ. ಮೊದಲು ಲಿವರ್ ಹತ್ತಿರದ ಅಡ್ಜಸ್ಟಿಂಗ್ ನಟ್ ಪೂರ್ತಿ ಸಡಿಲಿಸಿ. ಗಾಲಿ ಬಿಟ್ಟರೆ ತೊಂದರೆ ಕೇಬಲ್ಲಿನದ್ದು: ಹೊರಕವಚ ಒಡೆದು ನೀರಿಳಿದು, ಒಳಗಿನ ತಂತಿ ತುಕ್ಕಿಗೆ ಉಬ್ಬಿ ಹಿಂದಕ್ಕೆ ಸರಿಯುತ್ತಿರುವುದಿಲ್ಲ. ಎಣ್ಣೆ ಬಿಟ್ಟರೆ ನಾಲ್ಕು ದಿನ ಓಡೀತು, ಕೇಬಲ್ ಬದಲಿಸುವುದೇ ಸರಿ. ನಟ್ ಸಡಿಲಿಸಿಯೂ ಬಿಡದಿದ್ದರೆ, ಬ್ರೇಕ್ ಆಯಿಲ್ ಹೊರಬಿಡಲು ಬ್ರೇಕಿನ ಹಿಂಬದಿಯಲ್ಲಿರುವ ಬ್ಲೀಡಿಂಗ್ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ತುದಿಯನ್ನು ಬಾಟಲಿಗೆ ಬಿಟ್ಟು ಅರ್ಧ ಸುತ್ತು ತೆರೆಯಿರಿ. ಬ್ರೇಕ್ ಆಯಿಲ್ ಚಿಮ್ಮಿ ಗಾಲಿ ಹಗುರಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಎಂದರ್ಥ. ಆ ಒಂದೇ ಗಾಲಿಯ ಕತೆಯಾದರೆ ಅದರ ರಬ್ಬರ್ ಹೋಸ್ ಒಳಗೊಳಗೇ ಊದಿ ದಾರಿ ಕಟ್ಟಿರುತ್ತದೆ, ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಎಲ್ಲ ಗಾಲಿಗಳೂ ಹಿಡಿಯುತ್ತಿದ್ದರೆ ಪೆಡಲ್ ಒತ್ತಿದಾಗ ಆಯಿಲನ್ನು ಗಾಲಿಗಳಿಗೆ ನೂಕುವ ಮಾಸ್ಟರ್ ಸಿಲಿಂಡರ್ ನೋಡಿಸಿ. ಯಾರಾದರೂ ಬ್ರೇಕ್ ಆಯಿಲ್ ಡಬ್ಬಿಗೆ ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಸುರಿದಿದ್ದರೂ ಸೀಲುಗಳೆಲ್ಲ ಊದಿ ಹೀಗೇ ಆಗುತ್ತದೆ. ನಿಪ್ಪಲ್ ತೆರೆದ ಮೇಲೆ ಬ್ಲೀಡಿಂಗ್ ಮಾಡದೆ, ಅಂದರೆ ಪೈಪಿಗೆ ಸೇರಿದ ಗಾಳಿ ತೆಗೆಯದೆ, ಕಾರು ರಸ್ತೆಗಿಳಿಸಬೇಡಿ.

ಎರಡಕ್ಕೂ ಬಗ್ಗದಿದ್ದರೆ ಡ್ರಮ್ ಬಿಚ್ಚಲೇಬೇಕು. ಅನೇಕ ಮಾರುತಿ ಕಾರುಗಳ ಡ್ರಮ್ಮಿನ ಮುಖದಲ್ಲಿ 8 ಮಿಮೀ ಬೋಲ್ಟ್ ಹಾಕಲು ಎರಡು ತಿರುಪು ತೂತುಗಳಿರುತ್ತವೆ. ಎರಡೂ ಬೋಲ್ಟ್ ಸಮವಾಗಿ, ಕಾಲುಸುತ್ತಿನಂತೆ ತಿರುಗಿಸುತ್ತ ಹೋದರೆ ಡ್ರಮ್ ತಾನೇ ಹೊರಬರುತ್ತದೆ. ಬೇರಿಂಗ್ ಡ್ರಮ್ಮಿನಲ್ಲೇ ಇರುವ ಮಾದರಿಯಾದರೆ ನಡುವಿನ ದೊಡ್ಡ ನಟ್ ಬಿಚ್ಚಬೇಕು. ಅದನ್ನು ಮತ್ತೆ ಬಿಗಿಯುವಾಗ ಆ ಮಾದರಿಗೆ ಹೇಳಿದ ಟಾರ್ಕ್ (ಬಿಗಿತದ ಅಳತೆ) ಇರಲೇಬೇಕಾದ್ದರಿಂದ ಟಾರ್ಕ್ ರೆಂಚ್ ಇಲ್ಲದವರು ಗ್ಯಾರೇಜಿಗೆ ಬಿಡುವುದು ಒಳ್ಳೆಯದು.

ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್‌ನಿಂದ ತೋಯಿಸಿ ಒರೆಸಿ. ಶೂಗಳನ್ನು ಹೊರಕ್ಕೆ ನೂಕುವ ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಯ ಅಂಚು ಎತ್ತಿ ನೋಡಿ, ಒಳಗೆ ಆಯಿಲ್ ಕಂಡರೆ ಸಿಲಿಂಡರ್ ಬದಲಿಸಿ. ಇನ್ನು, ಬಹಳ ಜನರ ಕಣ್ಣಿಗೆ ಬೀಳದ ಜಾಗ: ಶೂಗಳ ಅಂಚು ಜಾರುವ ಬ್ಯಾಕ್ ಪ್ಲೇಟಿನ (ಶೂಗಳ ಹಿಂದಿರುವ ತಿರುಗದ ತಗಡು) ಚಿಕ್ಕ ಉಬ್ಬುಗಳು. ಶೂ ಉಜ್ಜಿ ಉಜ್ಜಿ ಅಲ್ಲಿ ಗೀರು ಬಿದ್ದಿದ್ದರೆ ಶೂ ಆ ಗೀರಿಗೆ ಸಿಕ್ಕಿ ಹಿಂದೆ ಬರುವುದಿಲ್ಲ, ಸ್ಪ್ರಿಂಗ್ ಹೊಸದಾದರೂ ಅಷ್ಟೆ. ತುಕ್ಕನ್ನು ಎಮರಿ ಪೇಪರಿನಲ್ಲಿ ತಿಕ್ಕಿ, ಹೆಚ್ಚು ಬಿಸಿ ತಾಳುವ ಬ್ರೇಕ್ ಗ್ರೀಸನ್ನು ಉಬ್ಬುಗಳಿಗೆ ಮಾತ್ರ ತೆಳ್ಳಗೆ ಸವರಿ. ಮಾಮೂಲಿ ಗ್ರೀಸ್ ಬಿಸಿಗೆ ಕರಗಿ ಲೈನರಿಗೆ ಹರಿಯುತ್ತದೆ. ಡ್ರಮ್ ಎಷ್ಟು ಸವೆಯಬಹುದು ಎಂಬ ಗರಿಷ್ಠ ಅಳತೆ ಸಾಮಾನ್ಯವಾಗಿ ಅದರ ಮೇಲೇ ಅಚ್ಚಾಗಿರುತ್ತದೆ, ಅದನ್ನು ದಾಟಿದ್ದರೆ ಲೇತ್‌ಗೆ ಕೊಡದೆ ಹೊಸದು ಹಾಕಿಸಿ. ಶೂಗಳನ್ನು ಒಂದೇ ಗಾಲಿಗೆ ಬದಲಿಸಬೇಡಿ, ಎರಡೂ ಕಡೆ ಬದಲಿಸದಿದ್ದರೆ ಬ್ರೇಕ್ ಒಂದು ಬದಿಗೆ ಎಳೆಯುತ್ತದೆ.

ಮುಂದೆ ಕಾರು ತೊಳೆದ ಮೇಲೆ ಸ್ವಲ್ಪ ದೂರ ಹಗುರವಾಗಿ ಬ್ರೇಕ್ ಒತ್ತುತ್ತ ಓಡಿಸಿ ಒಣಗಿಸಿ. ಹೆಚ್ಚು ದಿನ ನಿಲ್ಲಿಸುವುದಿದ್ದರೆ ಸಮತಟ್ಟು ಜಾಗದಲ್ಲಿ ಒಂದನೇ ಗೇರಿಗೆ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆಯದೆ ಬಿಡಿ.

ಪ್ರಶ್ನೆ: ಹ್ಯಾಂಡ್ ಬ್ರೇಕ್ ತೀರಾ ಮೇಲಕ್ಕೆ ಬರುತ್ತಿತ್ತು. ಗ್ಯಾರೇಜಿನಲ್ಲಿ ಕೇಬಲ್ ಟೈಟ್ ಮಾಡಿಕೊಟ್ಟರು. ಈಗ ಮೂರು ಕ್ಲಿಕ್ಕಿಗೇ ಹಿಡಿಯುತ್ತದೆ, ಆದರೆ ಹಿಂದಿನ ಗಾಲಿಗಳು ಬಿಸಿಯಾಗಿ ವಾಸನೆ ಬರುತ್ತದೆ, ಮೈಲೇಜ್ ಇಳಿದಿದೆ.
– ಓದುಗರು, ದಾವಣಗೆರೆ

ಉತ್ತರ: ಲಿವರ್ ಮೇಲೆ ಬರಲು ಮುಖ್ಯ ಕಾರಣ ಶೂ ಸವೆದು ಡ್ರಮ್ಮಿನಿಂದ ದೂರವಾಗಿರುವುದು. ಸರಿಮಾಡಬೇಕಾದ್ದು ಡ್ರಮ್ಮಿನೊಳಗೆ, ಕೇಬಲ್ಲಿನಲ್ಲಿ ಅಲ್ಲ. ಕೇಬಲ್ ಎಳೆದು ಕಟ್ಟಿದರೆ ಶೂಗೆ ಸೇರಿದ ಪುಟ್ಟ ಲಿವರ್ ತನ್ನ ಮೂಲ ಜಾಗಕ್ಕೆ ಮರಳುವುದಿಲ್ಲ, ಬ್ರೇಕ್ ಸದಾ ಅರೆಬರೆ ಹಿಡಿದೇ ಇರುತ್ತದೆ. ಸವೆದಷ್ಟೂ ಶೂವನ್ನು ಹೊರಕ್ಕೆ ಸರಿಸುವ ಆಟೋ ಅಡ್ಜಸ್ಟರ್ ಕೂಡ ಅನೇಕ ಕಾರುಗಳಲ್ಲಿ ಇದರಿಂದಲೇ ಕೆಲಸ ನಿಲ್ಲಿಸುತ್ತದೆ. ಆಗ ಮತ್ತೆ ಲಿವರ್ ಮೇಲೆ, ಮತ್ತೆ ಕೇಬಲ್ ಟೈಟ್.

ಕೇಬಲ್ ನಟ್ ಪೂರ್ತಿ ಸಡಿಲಿಸಿ, ಡ್ರಮ್ ತೆಗೆಸಿ, ಲೈನರ್ ದಪ್ಪ ನೋಡಿಸಿ, ಅಡ್ಜಸ್ಟರಿನ ತಿರುಪು ಅಥವಾ ಹಲ್ಲು ಬಿಗಿದಿದ್ದರೆ ಬಿಡಿಸಿ. ಶೂ ಹೊಂದಿಸಿ ಡ್ರಮ್ ಹಾಕಿದ ಮೇಲೆ ಬ್ರೇಕ್ ಪೆಡಲ್ ಹಲವು ಸಲ ಒತ್ತಿ. ಕೊನೆಯಲ್ಲಿ ಮಾತ್ರ ಕೇಬಲ್: ಕಾರಿನ ಕೈಪಿಡಿ ಹೇಳಿದಷ್ಟು ಕ್ಲಿಕ್ಕಿಗೆ, ಸಾಮಾನ್ಯವಾಗಿ 5ರಿಂದ 8, ಹಿಡಿಯುವಂತೆ ಬಿಗಿಸಿ. ಲಿವರ್ ಇಳಿಸಿದಾಗ ಎರಡೂ ಗಾಲಿ ಸರಾಗ ತಿರುಗಬೇಕು. ಅದಾಗುವವರೆಗೆ ದೂರದ ಪ್ರಯಾಣ ಬೇಡ: ಬಿಸಿಗೆ ಬ್ರೇಕ್ ಆಯಿಲ್ ಕುದಿದರೆ ಪೆಡಲ್ ನೇರ ಕೆಳಗಿಳಿದುಬಿಡುತ್ತದೆ.

ಪ್ರಶ್ನೆ: ಮಳೆಯ ದಿನ ಬೆಳಿಗ್ಗೆ ಮೊದಲ ಬ್ರೇಕಿಗೆ ಹಿಂದಿನ ಗಾಲಿ ಗಪ್ಪನೆ ಹಿಡಿಯುತ್ತದೆ. ಆಮೇಲೆ ಸರಿಹೋಗುತ್ತದೆ. ರಿಪೇರಿ ಬೇಕೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಎರಡು ಮೂರು ಬ್ರೇಕಿಗೆ ಸರಿಹೋದರೆ ಬೇಡ. ರಾತ್ರಿ ತೇವಕ್ಕೆ ಡ್ರಮ್ಮಿನ ಮೇಲೆ ಎದ್ದ ತೆಳು ತುಕ್ಕು ಉಜ್ಜಿಹೋಗುವವರೆಗೆ ಹಾಗಾಗುತ್ತದೆ. ದಿನವಿಡೀ ಹಾಗೇ ಇದ್ದರೆ, ಅಥವಾ ಒಂದೇ ಗಾಲಿ ಹಿಡಿಯುತ್ತಿದ್ದರೆ, ಸಿಲಿಂಡರ್ ಸೋರಿ ಲೈನರ್ ನೆನೆದಿದೆಯೇ ಎಂದು ಡ್ರಮ್ ಬಿಚ್ಚಿಸಿ ನೋಡಿಸಿ.