ಓದುಗರ ಪ್ರಶ್ನೆ: ಡಾಕ್ಟರ್ ವೀಲ್‌ಚೇರ್ ನೋಡಿದ್ರು, ಹೊಟ್ಟೆ ನೋಡ್ಲಿಲ್ಲ

ಪ್ರಶ್ನೆ: ನಮಸ್ತೆ ಮೇಡಂ. ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್‌ನಲ್ಲಿದ್ದೀನಿ. ಈಚೆಗೆ ಹೊಟ್ಟೆ ಉಬ್ಬರ, ಹಸಿವೇ ಇಲ್ಲ, ಬಟ್ಟೆಯೆಲ್ಲ ಸಡಿಲ ಆಗ್ತಿದೆ. ಡಾಕ್ಟರ್ ಹತ್ರ ಹೋದ್ರೆ "ಕೂತೇ ಇರ್ತಾರಲ್ಲ, ಅದಕ್ಕೇ" ಅಂತ ನನ್ನ ತಮ್ಮನಿಗೆ ಹೇಳಿ ಗ್ಯಾಸ್ ಮಾತ್ರೆ ಬರೆದ್ರು. ಬೆಡ್ ಎತ್ತರ ಇದೆ ಅಂತ ಮಲಗಿಸಿ ನೋಡ್ಲಿಲ್ಲ, ತೂಕಾನೂ ನೋಡ್ಲಿಲ್ಲ. ಜಾಸ್ತಿ ಕೇಳಿದ್ರೆ ಬೇಜಾರು ಮಾಡ್ಕೋತಾರೇನೋ ಅಂತ ಸುಮ್ಮನೆ ಬಂದೆ.

ಉತ್ತರ: ಮೊದ್ಲು ಆರೋಗ್ಯ, ಹಕ್ಕಿನ ಮಾತು ಆಮೇಲೆ. ಹಸಿವಿಲ್ದೆ ತೂಕ ಇಳೀತಿದೆ ಅಂದ್ರೆ ಕಾಯ್ಬೇಡಿ, ಇದೇ ವಾರ ಇನ್ನೊಬ್ರಿಗೆ ತೋರಿಸಿ. ಬೆನ್ನುಹುರಿ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಭಾಗದ ನೋವು ಸರಿಯಾಗಿ ಗೊತ್ತಾಗದೇ ಇರಬಹುದು, ಅಪೆಂಡಿಕ್ಸೋ ಪಿತ್ತಕೋಶದ ಕಲ್ಲೋ ಇದ್ರೂ ಬರೀ ಉಬ್ಬರ, ಹಸಿವಿಲ್ಲ ಅಷ್ಟೇ ಕಾಣಬಹುದು, ಹಾಗಾಗಿ ಡಾಕ್ಟರ್ ನಿಮ್ಮಲ್ಲಿ ಬೇರೆಯವರಿಗಿಂತ ಜಾಸ್ತಿ ಹುಡುಕ್ಬೇಕೇ ಹೊರತು ಕಮ್ಮಿ ಅಲ್ಲ. (ಪೆಟ್ಟು ಎದೆ ಮಟ್ಟದಲ್ಲೋ ಅದಕ್ಕಿಂತ ಮೇಲೋ ಆಗಿದ್ರೆ ಇನ್ನೊಂದು ನೆನಪಿಡಿ: ಇದ್ದಕ್ಕಿದ್ದ ಹಾಗೆ ತಲೆ ಸಿಡಿಯೋ ನೋವು, ಮುಖ ಕೆಂಪಾಗಿ ಬೆವರು, ಬಿಪಿ ಏರಿಕೆ ಬಂದ್ರೆ ಅದು ಎಮರ್ಜೆನ್ಸಿ. ನೆಟ್ಟಗೆ ಕೂತು, ಬಿಗಿ ಬಟ್ಟೆ ಸಡಿಲಿಸಿ, ಕ್ಯಾತಿಟರ್ (ಮೂತ್ರದ ಟ್ಯೂಬ್) ಇದ್ರೆ ಬ್ಲಾಕ್ ಆಗಿದ್ಯಾ ನೋಡಿ, ತಕ್ಷಣ ಆಸ್ಪತ್ರೆಗೆ.)

ನಿಮಗಾಗಿದ್ದು ನಿಮ್ಮೊಬ್ರ ಕಥೆ ಅಲ್ಲ. ಏನೇ ಕಂಪ್ಲೇಂಟ್ ತಂದ್ರೂ ಅದನ್ನ ಅಂಗವೈಕಲ್ಯದ ತಲೆಗೇ ಕಟ್ಟೋದಕ್ಕೆ ಡಯಾಗ್ನಾಸ್ಟಿಕ್ ಓವರ್‌ಶಾಡೋಯಿಂಗ್ ಅಂತ ಡಾಕ್ಟರ್‌ಗಳೇ ಹೆಸರಿಟ್ಟಿದ್ದಾರೆ. ಅಮೆರಿಕದಲ್ಲಿ 714 ಡಾಕ್ಟರ್‌ಗಳನ್ನ ಕೇಳಿ 2021ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ. 82ಕ್ಕಿಂತ ಜಾಸ್ತಿ ಜನ, ತೀವ್ರ ಅಂಗವೈಕಲ್ಯ ಇರೋರ ಬದುಕಿನ ಗುಣಮಟ್ಟ ಉಳಿದವರಿಗಿಂತ ಕೆಳಗೇ ಅಂದಿದ್ರು, ಇಂಥ ರೋಗಿಗಳಿಗೂ ಸಮಾನ ಚಿಕಿತ್ಸೆ ಕೊಡ್ತೀವಿ ಅಂತ ಪೂರ್ತಿ ಧೈರ್ಯದಿಂದ ಹೇಳಿದವರು ಸುಮಾರು ಶೇ. 41 ಮಾತ್ರ. ಕೆಟ್ಟವರು ಅಂತಲ್ಲ, ಆದ್ರೆ ಆ ಲೆಕ್ಕಾಚಾರ ತಲೇಲಿಟ್ಕೊಂಡೇ ಪ್ರಿಸ್ಕ್ರಿಪ್ಷನ್ ಬರೀತಾರಲ್ಲ.

ಮುಂದಿನ ಸಲ ಸಮಾಧಾನವಾಗಿ ಒಂದೇ ಪ್ರಶ್ನೆ ಕೇಳಿ: "ನಡೆಯೋರು ಇದೇ ತೊಂದ್ರೆ ಹೇಳ್ಕೊಂಡು ಬಂದಿದ್ರೆ ಯಾವ ಟೆಸ್ಟ್ ಮಾಡಿಸ್ತಿದ್ರಿ ಸರ್?" ಆ ಟೆಸ್ಟ್ ಯಾಕೆ ಬೇಡ ಅನ್ನೋದನ್ನ ಫೈಲಲ್ಲಿ ಬರೀರಿ ಅಂತಾನೂ ಹೇಳಿ. ತೂಕ ಚಿಕ್ಕ ವಿಷಯ ಅಲ್ಲ, ಅನಸ್ತೇಷಿಯಾ, ಕೀಮೋ ಇವೆಲ್ಲದರ ಡೋಸ್‌ಗೆ ತೂಕ ಬೇಕು, ಅಂದಾಜಲ್ಲಿ ಬರೆದ್ರೆ ಅನುಭವಿಸೋರು ನೀವು. ಕುರ್ಚಿ ಸಮೇತ ಹತ್ತಿಸೋ ತೂಕದ ಮಷೀನ್ ಇರುತ್ತೆ, ಆಮೇಲೆ ಖಾಲಿ ಕುರ್ಚಿಯ ತೂಕ ಕಳೀಬೇಕು ಅಷ್ಟೇ. ಮೇಲೆ ಕೆಳಗೆ ಮಾಡೋ ಬೆಡ್ಡೂ ಇದೆ, ಅಮೆರಿಕದಲ್ಲಿ 2024ರಲ್ಲಿ ಅದು 17 ಇಂಚಿನಷ್ಟು ಕೆಳಗಿಳೀಬೇಕು ಅಂತ ಮಾನದಂಡಾನೇ ಮಾಡಿದ್ರು. ಅಪಾಯಿಂಟ್‌ಮೆಂಟ್ ತಗೊಳ್ಳುವಾಗ್ಲೇ ಫೋನಲ್ಲಿ ಇವೆರಡೂ ಇದ್ಯಾ ಕೇಳಿ. ನಿಮ್ಮ ತಮ್ಮನಿಗೂ ಹೇಳ್ಕೊಡಿ, ಡಾಕ್ಟರ್ ಅವನ ಕಡೆ ತಿರುಗಿದ ಕೂಡ್ಲೇ "ಅಕ್ಕನ್ನೇ ಕೇಳಿ ಡಾಕ್ಟ್ರೇ" ಅಂದ್ಬಿಡ್ಲಿ.

ಪ್ರಶ್ನೆ: ಡಿಸೆಬಿಲಿಟಿ ರೈಟ್ಸ್, ಡಿಸೆಬಿಲಿಟಿ ಜಸ್ಟಿಸ್ ಎರಡೂ ಒಂದೇನಾ?

ಉತ್ತರ: ನೆಂಟರು, ಆದ್ರೆ ಒಂದೇ ಅಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗವಿಕಲರ ಹಕ್ಕುಗಳ ಒಪ್ಪಂದ ಮಾಡ್ತು, ಅದರ 25ನೇ ವಿಧಿ ಉಳಿದವರಿಗೆ ಸಿಗೋ ಗುಣಮಟ್ಟದ್ದೇ ಚಿಕಿತ್ಸೆ ಸಿಗ್ಬೇಕು ಅನ್ನುತ್ತೆ. ಅದು ಹಕ್ಕು. ಆದ್ರೆ ಹಕ್ಕು ಕೇಳೋಕೆ ದುಡ್ಡು, ಓದು, ವಕೀಲರು ಇಲ್ದೋರ ಗತಿ? ಆ ಪ್ರಶ್ನೆ ಎತ್ತಿದ್ದು 2005ರ ಹೊತ್ತಿಗೆ ಪ್ಯಾಟಿ ಬರ್ನ್, ಮಿಯಾ ಮಿಂಗಸ್ ಥರದ ಅಮೆರಿಕದ ಅಂಗವಿಕಲ ಹೋರಾಟಗಾರರು. ಬಡತನ, ಜನಾಂಗ, ಲಿಂಗ ಇವನ್ನೆಲ್ಲ ಬಿಟ್ಟು ಅಂಗವೈಕಲ್ಯ ಒಂದನ್ನೇ ಹಿಡಿದು ನ್ಯಾಯ ಕೊಡೋಕಾಗಲ್ಲ ಅನ್ನೋದು ಅವರ ವಾದ, ಅದೇ ಡಿಸೆಬಿಲಿಟಿ ಜಸ್ಟಿಸ್. ನನಗೂ ಹಾಗೇ ಅನ್ಸುತ್ತೆ.

ಪ್ರಶ್ನೆ: ನನ್ನ ತಮ್ಮನಿಗೆ ಡೌನ್ ಸಿಂಡ್ರೋಮ್, 28 ವರ್ಷ. ನ್ಯುಮೋನಿಯಾ ಅಂತ ಅಡ್ಮಿಟ್ ಮಾಡಿದ ದಿನವೇ "ಸೀರಿಯಸ್ ಆದ್ರೆ ವೆಂಟಿಲೇಟರ್ ಬೇಡ ಅಂತ ಸೈನ್ ಮಾಡಿ, ಇಂಥವರಿಗೆ ಸುಮ್ನೆ ಹಿಂಸೆ" ಅಂದ್ರು. ಮಾಡ್ಲಿಲ್ಲ. ಹುಷಾರಾಗಿ ಮನೆಗೆ ಬಂದ. ಮತ್ತೆ ಹಾಗಂದ್ರೆ?

ಉತ್ತರ: ಮತ್ತೆ ಸೈನ್ ಮಾಡ್ಬೇಡಿ, ಮೆಡಿಕಲ್ ಕಾರಣ ಏನು ಅಂತ ಕೇಳಿ. ಶ್ವಾಸಕೋಶ ತಡ್ಕೊಳ್ಳಲ್ಲ ಅಂದ್ರೆ ಅದು ಕಾರಣ, ಕೂತು ಮಾತಾಡೋಣ. ಡೌನ್ ಸಿಂಡ್ರೋಮ್ ಅನ್ನೋದು ಕಾರಣ ಅಲ್ಲವೇ ಅಲ್ಲ. ಅಂಗವೈಕಲ್ಯದ ನೆಪದಲ್ಲಿ ಚಿಕಿತ್ಸೆ, ಊಟ, ನೀರು ನಿರಾಕರಿಸೋ ಹಾಗಿಲ್ಲ ಅಂತ ಅದೇ 25ನೇ ವಿಧಿಯಲ್ಲಿದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಶುರುವಾದಾಗ ಇಂಗ್ಲೆಂಡ್‌ನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಮಾಡೋ ನೈಸ್ ಸಂಸ್ಥೆ ರೋಗಿಗಳ ನಿಶ್ಶಕ್ತಿಗೆ ಅಂಕ ಕೊಟ್ಟು ಐಸಿಯು ನಿರ್ಧಾರಕ್ಕೆ ಬಳಸಿ ಅಂದಿತ್ತು, ದಿನದ ಕೆಲಸಕ್ಕೆ ಇನ್ನೊಬ್ಬರ ನೆರವು ಬೇಕಾದವರೆಲ್ಲ ಅದ್ರಲ್ಲಿ ಹಿಂದೆ ಬೀಳ್ತಿದ್ರು, ಅಂಗವಿಕಲರು ಗಲಾಟೆ ಮಾಡಿದ ಮೇಲೆ ಕೆಲವೇ ದಿನಗಳಲ್ಲಿ ತಿದ್ದಿ ಬೌದ್ಧಿಕ ನ್ಯೂನತೆ, ಆಟಿಸಂ ಇರೋರಿಗೆ ಆ ಅಂಕ ಬಳಸ್ಬೇಡಿ ಅಂದ್ರು. ಕೇಳಿದ್ರೆ ಬದಲಾಗುತ್ತೆ.

ಇನ್ನು, ತಮ್ಮನ್ನೂ ಕೇಳಿ ನಿರ್ಧಾರ ಮಾಡಿ, ಚಿತ್ರ ತೋರಿಸಿ, ಚಿಕ್ಕ ಚಿಕ್ಕ ವಾಕ್ಯದಲ್ಲಿ, ದೇಹ ಅವನದು. ಜೊತೆಗೆ ಒಂದು ಹಾಳೆ ರೆಡಿ ಇಡಿ: ನೋವಾದ್ರೆ ಹೇಗೆ ತೋರಿಸ್ತಾನೆ, ಸೂಜಿಗೆ ಹೆದರ್ತಾನಾ, ಯಾರು ಪಕ್ಕದಲ್ಲಿರ್ಬೇಕು. ಹಾಳೆಯ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಕತ್ತಿನ ವಿಷಯ ಬರೀರಿ, ಡೌನ್ ಸಿಂಡ್ರೋಮ್ ಇರೋ ಕೆಲವರಿಗೆ ಕತ್ತಿನ ಮೇಲಿನ ಮೂಳೆಗಳ ಜೋಡಣೆ ಸಡಿಲ ಇರುತ್ತೆ, ಗಂಟಲಿಗೆ ಟ್ಯೂಬ್ ಹಾಕುವಾಗ ತಲೆ ಜಾಸ್ತಿ ಹಿಂದಕ್ಕೆ ಬಗ್ಗಿಸ್ಬಾರ್ದು, ಇದು ಡ್ಯೂಟಿ ಡಾಕ್ಟರ್‌ಗೆ ಮೊದಲೇ ಗೊತ್ತಿರ್ಲಿ.